ಶ್ಯಾಮಲಾಳ ಕಾರಿಗೆ ಯಾವ ಗ್ಯಾರೇಜು?

ಮೇ ತಿಂಗಳು ಮುಗಿಯುತ್ತಾ ಬಂದರೆ ನಮ್ಮ ಕಡೆ ಗ್ಯಾರೇಜುಗಳ ಮುಂದೆ ಗಾಡಿಗಳ ಸಾಲು. ಮಳೆ ಹಿಡಿಯುವ ಮುಂಚೆ ಗಾಡಿಯ ಅಡಿಭಾಗಕ್ಕೆ ಎಣ್ಣೆ ಹೊಡೆಸಬೇಕು, ಇಲ್ಲದಿದ್ದರೆ ದೀಪಾವಳಿ ಹೊತ್ತಿಗೆ ತಳವೆಲ್ಲ ತುಕ್ಕು. ಯಾವ ಗ್ಯಾರೇಜಿಗೆ ಹೋಗಬೇಕೆಂದು ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ನಮ್ಮವನು ಯಾರಿದ್ದಾನೆ ಎಂದು ನೋಡುತ್ತಾರೆ, ಅಷ್ಟೆ.

ಹೊಸನಗರದ ಭೂತಪ್ಪನೂ ಹಾಗೇ ನೋಡಿದ. ಇಪ್ಪತ್ತೆಂಟು ವರ್ಷ ಆಗುಂಬೆ ಘಾಟಿ ಇಳಿಸಿ ಉಡುಪಿಗೆ ಮಿನಿಬಸ್ಸು ಓಡಿಸಿ ನಿವೃತ್ತನಾದವನು. ಬ್ರೇಕಿನ ವಿಷಯದಲ್ಲಿ ತನಗೆ ಬುದ್ಧಿ ಹೇಳುವವನು ಇನ್ನೂ ಹುಟ್ಟಿಲ್ಲ ಎಂದು ನಂಬಿದವನು. ಅವನ ತಮ್ಮನ ಮಗ ದೀಪಕ್ ಸಾಗರದಲ್ಲಿ ಹೊಸದಾಗಿ ಗ್ಯಾರೇಜು ಇಟ್ಟಿದ್ದ. ಹೊಸ ಗ್ಯಾರೇಜಿಗೆ ಮೊದಲ ಗಾಡಿ ಮನೆಯದೇ ಹೋಗಬೇಕು, ಅದು ಇವರಲ್ಲಿ ಶಾಸ್ತ್ರ. ಮನೆಯ ಗಾಡಿ ಎಂದರೆ ಮಗಳು ಶ್ಯಾಮಲಾಳ ಕಾರು.

ಆ ಕಾರು ಎಲ್ಲರ ಕಾರಿನಂತಲ್ಲ. ಎರಡು ವರ್ಷದ ಕೂಸಾಗಿದ್ದಾಗ ಪೋಲಿಯೋ ಬಂದು ಶ್ಯಾಮಲಾಳ ಕಾಲುಗಳು ಸೋತಿದ್ದವು. ಈಗ ಅವಳು ಟೀಚರು. ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಪಾಠ ಹೇಳುತ್ತಾಳೆ. ಅದಕ್ಕಾಗಿ ಕಾರಿನ ಸ್ಟೇರಿಂಗ್ ಪಕ್ಕ ಒಂದು ಕೈ ಲಿವರ್ ಕೂರಿಸಿದ್ದಾರೆ. ಹಿಂದಕ್ಕೆ ಎಳೆದರೆ ಓಟ, ಮುಂದಕ್ಕೆ ಒತ್ತಿದರೆ ಬ್ರೇಕು. ಲಿವರಿನಿಂದ ಒಂದು ಸರಳು ಇಳಿದು ಬ್ರೇಕ್ ಪೆಡಲಿಗೆ ಸೇರುತ್ತದೆ. ಅಲ್ಲಿ ಅದನ್ನು ಹಿಡಿದಿಟ್ಟಿರುವುದು ಒಂದು ಕ್ಲ್ಯಾಂಪು. ಗೇರು ತಾನಾಗಿ ಬದಲಾಗುತ್ತದೆ.

“ಅಪ್ಪಯ್ಯ, ಸರ್ವಿಸಿಗೆ ತೀರ್ಥಹಳ್ಳಿಗೆ ಹೋಗ್ತೀನಿ. ಲಿವರ್ ಕೂರಿಸಿದ ರವೀಶಣ್ಣನ ಹತ್ರನೇ ತೋರಿಸ್ತೀನಿ,” ಎಂದಳು ಶ್ಯಾಮಲಾ.

“ಎಂತಕ್ಕೆ? ದೀಪಕನ ದೊಡ್ಡಪ್ಪನ ಮನೆ ಗಾಡಿನೇ ಬೇರೆ ಕಡೆ ಹೋಯ್ತು ಅಂತ ಊರೆಲ್ಲ ಆಡ್ಕೊಳಲ್ವಾ?”

“ದೀಪಕ್ ಇಂಥ ಗಾಡಿ ಮುಂಚೆ ಮುಟ್ಟಿದಾನಾ?”

“ಗಾಡಿ ಅಂದ್ರೆ ಗಾಡಿ ಕಣೇ. ನಿಂದಕ್ಕೇನು ಕೋಡು ಬಂದಿದೆಯಾ?”

ಒಳಗಿನಿಂದ ತಾಯಿ ಕನ್ನಮ್ಮ ಕೂಗಿದಳು: “ನಿಮ್ಮಿಬ್ಬರ ಮಾತು ಮುಗಿಯೋದ್ರೊಳಗೆ ಮಳೆನೇ ಹಿಡೀತದೆ. ಸೋಮವಾರ ಉಡುಪಿಗೆ ಹೋಗೋದುಂಟೋ ಇಲ್ವೋ?”

ಉಂಟು. ಶ್ಯಾಮಲಾ ಕಾಲಿಗೆ ಕಟ್ಟಿಕೊಳ್ಳುವ ಕ್ಯಾಲಿಪರ್ ಸವೆದಿತ್ತು, ಹೊಸದಕ್ಕೆ ಅಳತೆ ಕೊಡಬೇಕಿತ್ತು. ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನೇ ಘಾಟಿ ಇಳಿಸುವುದೆಂದು ಅವಳು ಮೊದಲೇ ಹೇಳಿದ್ದಳು.

ಶನಿವಾರ ಭೂತಪ್ಪನೇ ಕಾರನ್ನು ಸಾಗರಕ್ಕೆ ಒಯ್ದ. ಪೆಡಲುಗಳು ಇದ್ದ ಹಾಗೇ ಇದ್ದುದರಿಂದ ಕಾಲಿನಲ್ಲಿ ಓಡಿಸಲು ತೊಂದರೆ ಇರಲಿಲ್ಲ. ದೀಪಕ್ ಗಾಡಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು ಕೆಲಸಕ್ಕೆ ಇಳಿದ. ಅಕ್ಕನ ಗಾಡಿಯೆಂದು ಅಡಿಗೂ ಎಣ್ಣೆ, ಬಾಗಿಲ ಸಂದಿಗೂ ಎಣ್ಣೆ, ಪೆಡಲುಗಳ ಬುಡಕ್ಕೂ ಎಣ್ಣೆ. ಆಮೇಲೆ ಕೆಳದಿಯವರೆಗೆ ಓಡಿಸಿ ನೋಡಿ ಬಂದ. “ಬ್ರೇಕು ಮುಟ್ಟಿದ್ರೆ ನಿಲ್ತದೆ ದೊಡ್ಡಪ್ಪಾ,” ಎಂದ. ಭೂತಪ್ಪ ಮೀಸೆ ತಿರುವಿಕೊಂಡು ಮನೆಗೆ ಬಂದ.

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಅಭಯಕುಮಾರರು ಪೇಪರ್ ಓದಲು ಬಂದರು. ಐಟಿಐಯಲ್ಲಿ ಮೂವತ್ತು ವರ್ಷ ಹುಡುಗರಿಗೆ ಮೋಟಾರು ಕೆಲಸ ಕಲಿಸಿದ ಮೇಷ್ಟ್ರು. ಪೇಪರ್ ಅವರ ಮನೆಗೂ ಬರುತ್ತದೆ, ಆದರೆ ಕನ್ನಮ್ಮನ ಕಾಫಿ ಬರುವುದಿಲ್ಲ.

“ಸರ್ವಿಸ್ ಆಯ್ತಾ ಭೂತಪ್ಪಣ್ಣ? ಟ್ರಯಲ್ ಯಾರು ನೋಡಿದ್ರು?”

“ದೀಪಕ್ ನೋಡ್ದ. ಸಾಗರದಿಂದ ನಾನೇ ತಂದೆ. ಬ್ರೇಕು ಖಡಕ್ಕಾಗಿದೆ ಮೇಷ್ಟ್ರೇ.”

“ಯಾತರಲ್ಲಿ ಹಿಡಿದ್ರಿ?”

“ಕಾಲಲ್ಲಿ. ಮತ್ತೆಂತ, ತಲೇಲಿ ಹಿಡೀತಾರಾ?”

“ಶ್ಯಾಮಲಾ ಯಾತರಲ್ಲಿ ಹಿಡೀತಾಳೆ?”

ಪೇಪರ್ ಮಡಚಿಟ್ಟು ಮೇಷ್ಟ್ರು ಎದ್ದು ಶ್ಯಾಮಲಾಳನ್ನು ಕರೆದರು. “ಬಾರಮ್ಮ, ಅಂಗಳದಲ್ಲೇ ಒಂದು ಸಲ ನೋಡು. ಎಡಗೈ ಹ್ಯಾಂಡ್ ಬ್ರೇಕ್ ಮೇಲೇ ಇರಲಿ. ಮುಂದೆ ಯಾರೂ ನಿಲ್ಬೇಡಿ.”

ಇವರ ಅಂಗಳ ಬಟ್ಟೆ ಒಗೆಯುವ ಕಲ್ಲಿನ ಕಡೆಗೆ ಇಳಿಜಾರು. ಶ್ಯಾಮಲಾ ಕಾರನ್ನು ಮೆಲ್ಲಗೆ ಬಿಟ್ಟು ಲಿವರ್ ಒತ್ತಿದಳು. ನಿಂತಿತು. ಮತ್ತೆ ಬಿಟ್ಟು ಒತ್ತಿದಳು. ನಿಂತಿತು, ಆದರೆ ಲಿವರ್ ಮೊದಲಿಗಿಂತ ಮುಂದೆ ಹೋಗಿತ್ತು. ಮೂರನೇ ಸಲ ಲಿವರ್ ಕೊನೆಯವರೆಗೂ ಹೋಯಿತು, ಕಾರು ನಿಲ್ಲಲಿಲ್ಲ. ಶ್ಯಾಮಲಾ ಎಡಗೈಯಿಂದ ಹ್ಯಾಂಡ್ ಬ್ರೇಕ್ ಜಗ್ಗಿದಳು. ಒಗೆಯುವ ಕಲ್ಲಿಗೆ ಒಂದು ಗೇಣು ಉಳಿದಿತ್ತು.

ಮೇಷ್ಟ್ರು ಟಾರ್ಚ್ ಹಿಡಿದು ಪೆಡಲಿನ ಬುಡ ನೋಡಿದರು. ಕ್ಲ್ಯಾಂಪು ಎಣ್ಣೆಯಲ್ಲಿ ಮಿಂದು ಜಾಗ ಬಿಟ್ಟು ಜಾರಿತ್ತು.

“ಬೇರೆ ಕಾರಿಗಾದ್ರೆ ಇಷ್ಟು ಎಣ್ಣೆಯಿಂದ ಎಂತದೂ ಆಗ್ತಿರ್ಲಿಲ್ಲ,” ಎಂದರು. “ಆದ್ರೆ ಕ್ಲ್ಯಾಂಪಿಗೆ ಬೇಕಾದದ್ದು ಹಿಡಿತ. ಎಣ್ಣೆ ಬಿದ್ದ ಮೇಲೆ ಹಿಡಿತ ಎಲ್ಲಿ? ಕಾಲಲ್ಲಿ ನೂರು ಸಲ ಒತ್ತಿದ್ರೂ ಇದು ಗೊತ್ತಾಗಲ್ಲ.”

ಭೂತಪ್ಪ ಒಗೆಯುವ ಕಲ್ಲಿನ ಮೇಲೆ ಕೂತ. ಘಾಟಿಯ ಹದಿನಾಲ್ಕು ತಿರುವೂ ಅವನಿಗೆ ಬಾಯಿಪಾಠ. ಮಗಳ ಕೈಯಲ್ಲಿ ಲಿವರ್ ಹೀಗೆ ಕೈಕೊಡುವುದು ಯಾವ ತಿರುವಿನಲ್ಲಿ ಆಗುತ್ತಿತ್ತು ಎಂದು ಲೆಕ್ಕ ಹಾಕಿದ. ಹೆಂಡತಿಯ ಮುಖ ನೋಡಿದ. ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನವೂ ಆಗದಷ್ಟು ಭಯ ಅವನಿಗೆ ಆಯಿತು.

ಫೋನ್ ಮಾಡಿದ್ದೇ ತಡ, ದೀಪಕ್ ಬೈಕಿನಲ್ಲಿ ಓಡಿ ಬಂದ.

“ತಪ್ಪಾಯ್ತು ಅಕ್ಕಾ. ಇದರ ವಿಷ್ಯ ನಂಗೆ ಗೊತ್ತಿಲ್ಲ ಅಂತ ಮೊದ್ಲೇ ಹೇಳ್ಬೇಕಿತ್ತು. ಮೊದಲನೇ ಗಾಡಿ, ಅದೂ ನಮ್ಮನೇದು. ಗೊತ್ತಿಲ್ಲ ಅನ್ನೋಕೆ ಬಾಯೇ ಬರ್ಲಿಲ್ಲ.”

“ನಾನೂ ಗಟ್ಟಿಯಾಗಿ ಕೇಳ್ಬೇಕಿತ್ತು ಬಿಡು,” ಎಂದಳು ಶ್ಯಾಮಲಾ.

“ಅವಳು ಕೇಳಿದ್ಲು,” ಎಂದ ಭೂತಪ್ಪ ತಲೆ ಎತ್ತದೆ. “ನಾನು ಬಾಯಿ ಮುಚ್ಚಿಸ್ದೆ.”

ಮೇಷ್ಟ್ರು ಕಾಫಿ ಕುಡಿದು ಲೋಟ ಕೆಳಗಿಟ್ಟರು. “ಆಗಿದ್ದು ಆಯ್ತು. ಇನ್ಮೇಲೆ ಗ್ಯಾರೇಜಿಗೆ ಹೋದ್ರೆ ಮೊದ್ಲು ಕೇಳಿ, ಇಂಥ ಗಾಡಿ ಮಾಡಿದೀರಾ ಅಂತ. ಇಲ್ಲ ಅಂದ್ರೂ ಪರವಾಗಿಲ್ಲ. ಇದನ್ನ ಕೂರಿಸಿದವರಿಗೆ ಫೋನ್ ಹಚ್ಚಿ ಕೇಳ್ಕೊಂಡು ಮಾಡ್ತೀರಾ ಅನ್ನಿ. ಅದಕ್ಕೂ ಮುಖ ಗಂಟು ಹಾಕಿದ್ರೆ ಗಾಡಿ ತಿರುಗಿಸ್ಕೊಂಡು ಬನ್ನಿ, ಅವನು ಸ್ವಂತ ಭಾವ ಆದ್ರೂ ಸರಿ. ಕೂರಿಸಿದಾಗ ಕೊಟ್ಟ ಕಾಗದ ಗಾಡೀಲೇ ಇರ್ಲಿ, ಬದಲಾವಣೆ ಆರ್‌ಸಿ ಬುಕ್ಕಲ್ಲೂ ಬರೆಸಿರ್ಬೇಕು. ಮತ್ತೆ, ಕೊನೇ ಟ್ರಯಲ್ ಶ್ಯಾಮಲಾದೇ. ಬೇರೆ ಯಾರದೂ ಲೆಕ್ಕಕ್ಕಿಲ್ಲ.”

ಸೋಮವಾರ ಉಡುಪಿಗೆ ಹೋಗಲಿಲ್ಲ. ಭೂತಪ್ಪ ಕಾಲಿನಲ್ಲೇ ಕಾರು ಓಡಿಸಿ ತೀರ್ಥಹಳ್ಳಿಯ ರವೀಶನ ಶೆಡ್ಡಿಗೆ ತಂದ. ಜೊತೆಗೆ ಶ್ಯಾಮಲಾ ಇದ್ದಳು, ಗ್ಯಾರೇಜಿಗೆ ಬೀಗ ಹಾಕಿ ದೀಪಕನೂ ಬಂದಿದ್ದ. ರವೀಶ್ ಎಣ್ಣೆಯನ್ನೆಲ್ಲ ತೊಳೆದು, ಹೊಸ ಕ್ಲ್ಯಾಂಪು ಬಿಗಿದು, ಅದರ ಮೇಲೆ ಹಳದಿ ಬಣ್ಣ ಬಳಿದ. “ಹಳದಿ ಇದ್ದಲ್ಲಿ ಎಣ್ಣೆ ಹಾಕ್ಬೇಡ,” ಎಂದು ದೀಪಕನಿಗೆ ತೋರಿಸಿದ. ಎಂಜಿನ್ನು, ಚಕ್ರ, ಅಡಿಯ ಎಣ್ಣೆ ಎಲ್ಲ ದೀಪಕನೇ ನೋಡಬಹುದು, ಲಿವರಿನ ಕಡೆ ಮಾತ್ರ ರವೀಶನನ್ನು ಕೇಳದೆ ಕೈ ಹಾಕಬಾರದು ಎಂದು ಮಾತಾಯಿತು. ಭೂತಪ್ಪ ಕೀಲಿಕೈಯನ್ನು ಮಗಳ ಕೈಗೆ ಕೊಟ್ಟ. “ನೀನು ನೋಡು. ನೀನು ಸರಿ ಅಂದ್ರೆ ಸರಿ.” ಅವಳು ಶೆಡ್ಡಿನ ಮುಂದೆ ಹತ್ತು ಸಲ ನೋಡಿದಳು. ಹತ್ತು ಸಲವೂ ಲಿವರ್ ಒಂದೇ ಕಡೆ ನಿಂತಿತು.

ಗುರುವಾರ ಘಾಟಿ ಇಳಿದರು. ಕನ್ನಮ್ಮ ಹಿಂದೆ, ಭೂತಪ್ಪ ಮಗಳ ಪಕ್ಕದಲ್ಲಿ. ಮೊದಲ ತಿರುವಿನಲ್ಲೇ ಅವನ ಬಲಗಾಲು ಇಲ್ಲದ ಪೆಡಲನ್ನು ಹುಡುಕಿ ನೆಲ ಒತ್ತಿತು. ಎರಡನೇ ತಿರುವಿನಲ್ಲೂ ಒತ್ತಿತು, ಮೂರನೆಯದರಲ್ಲೂ.

“ಅಪ್ಪಯ್ಯ, ಅಲ್ಲೆಂತ ಒತ್ತುತಾ ಇದ್ದೀಯ? ಬ್ರೇಕು ನನ್ನ ಕೈಲಿದೆ,” ಎಂದಳು ಶ್ಯಾಮಲಾ.

ಭೂತಪ್ಪ ಚಪ್ಪಲಿ ಕಳಚಿ, ಎರಡೂ ಕಾಲು ಸೀಟಿನ ಮೇಲೆ ಮಡಚಿಕೊಂಡು ಕೂತ. ಉಳಿದ ಹನ್ನೊಂದು ತಿರುವುಗಳಲ್ಲಿ ಮಗಳೊಬ್ಬಳೇ ಕಾರು ಇಳಿಸಿದಳು.

ನಿಮ್ಮ ಮನೆಯಲ್ಲೂ ಬದಲಾವಣೆ ಮಾಡಿಸಿದ ಗಾಡಿ ಇದೆಯೇ? ನೆಂಟಸ್ತನ ನೋಡಿ ಗ್ಯಾರೇಜು ಆರಿಸಬೇಡಿ, ಆ ಕೆಲಸ ಬಲ್ಲವರನ್ನು ನೋಡಿ ಆರಿಸಿ. “ನಂಗೆ ಗೊತ್ತಿಲ್ಲ, ಕೇಳಿ ಮಾಡ್ತೀನಿ” ಎನ್ನುವ ಮೆಕ್ಯಾನಿಕ್ ಸಿಕ್ಕರೆ ಅವನನ್ನು ಬಿಡಬೇಡಿ. ಗಾಡಿ ಮನೆಗೆ ಬರುವ ಮುಂಚೆ, ದಿನಾ ಓಡಿಸುವವರೇ ಕೂತು, ದಿನಾ ಓಡಿಸುವ ಹಾಗೆಯೇ ಓಡಿಸಿ ನೋಡಲಿ. ಮಳೆ ಹತ್ತಿರ ಬಂತು. ಇವತ್ತೇ ನೋಡಿ.