ಚಿಂದಿಹಾಸಿನ ನಡುವಿನ ಕೆಂಪು

ನಿನ್ನೆ ರಾತ್ರಿ ಡೈರಿಯ ರಿಬ್ಬನ್ನನ್ನು ಎಡಕ್ಕಿಟ್ಟಿದ್ದೆನೋ ಬಲಕ್ಕಿಟ್ಟಿದ್ದೆನೋ? ಬೆಳಗ್ಗೆಯಿಂದ ಏವ್ರಿಲ್ ತನ್ನೊಳಗೇ ಇದನ್ನು ನೂರು ಸಲ ಕೇಳಿಕೊಂಡಿದ್ದಳು. ಎಡಕ್ಕೆ ಮಡಚಿಡುವುದು ಅವಳ ರೂಢಿ. ಇವತ್ತು ಬಲಕ್ಕಿತ್ತು. ಅಂದರೆ ಯಾರೋ ಓದಿದ್ದಾರೆ. ಮನೆಯಲ್ಲಿ ಅಮ್ಮನನ್ನು ಬಿಟ್ಟರೆ ಇನ್ಯಾರೂ ಇಲ್ಲ. ಓದಿದ್ದರೆ ಮಂಗಳವಾರದ ಪುಟವನ್ನೂ ಓದಿರಬೇಕು.

ಅಮ್ಮ ಹಿಲ್ಡಾ ಮಾತ್ರ ಏನೂ ಆಗದವಳಂತೆ ಕಪ್ಪು-ಬಸಿಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದಳು. ಶನಿವಾರದೊಳಗೆ ಬೀದಿ ಖಾಲಿಯಾಗಬೇಕು, ಆಮೇಲೆ ಇಡೀ ಸಾಲನ್ನು ಕೆಡವುತ್ತಾರೆ. ಇವರಿಗೆ ಗುಡ್ಡದ ಮೇಲೆ ಹೊಸ ಫ್ಲಾಟು, ಅದೇ ಅಂಗಳದ ಎದುರುಮನೆಯ ನೆಲ್ಲಿ ಆಂಟಿಗೆ ಶೆಫೀಲ್ಡಿನ ಇನ್ನೊಂದು ತುದಿ. ಉಕ್ಕಿನ ಕಾರ್ಖಾನೆಯ ಸುತ್ತಿಗೆ ಎಂದಿನಂತೆ ಧಡ್ ಧಡ್ ಎನ್ನುತ್ತಿತ್ತು. ಅದು ನಿಂತರೆ ಮಾತ್ರ ಈ ಬೀದಿಯವರು ಏನಾಯಿತೆಂದು ತಲೆಯೆತ್ತಿ ನೋಡುತ್ತಾರೆ.

"ಯಾಕೇ ಹಾಗ್ ನೋಡ್ತೀಯ?" ಅಮ್ಮ ಕೇಳಿದಳು.

"ಏನಿಲ್ಲ."

"ಡಿಗ್ರಿ ಮುಗಿಸ್ಕೊಂಡ್ ಬಂದ್ಮೇಲೆ ನಿನ್ನ ಬಾಯಲ್ಲಿ ಅದೊಂದೇ ಮಾತು. ಹೋಗು, ನೆಲಮಾಳಿಗೆಯಿಂದ ಹಳೇ ಹಾಸು ತಗೊಂಡ್ಬಾ. ಕೊಡವೋಣ."

ಆ ಹಾಸುಗಳೆಂದರೆ ಏವ್ರಿಲ್‌ಗೆ ಪ್ರಾಣ. ಪ್ರತಿ ಚಳಿಗಾಲ ಅಮ್ಮ ಗೋಣಿಯನ್ನು ಚೌಕಟ್ಟಿಗೆ ಬಿಗಿದು, ಹಳೇ ಕೋಟು ಪ್ಯಾಂಟುಗಳನ್ನು ಬೆರಳುದ್ದ ಕತ್ತರಿಸಿ ಒಂದೊಂದೇ ಚಿಂದಿ ಪೋಣಿಸುತ್ತಿದ್ದಳು. ಕ್ರಿಸ್ಮಸ್ಸಿಗೆ ಹೊಸದು ಅಗ್ಗಿಷ್ಟಿಕೆಯ ಮುಂದೆ ಬಿದ್ದರೆ ಹೋದ ವರ್ಷದ್ದು ಅಡುಗೆಮನೆಗೆ, ಅದರ ಹಿಂದಿನದು ಇದ್ದಲಿನ ನೆಲಮಾಳಿಗೆಗೆ. ಅದರ ಮೇಲೆ ಬೋರಲು ಮಲಗಿ, ಇದು ತಾತನ ಪ್ಯಾಂಟು, ಇದು ಅಪ್ಪನ ಯುದ್ಧದ ಕೋಟು ಎಂದು ಬೆರಳಿಡುತ್ತಾ ಅವಳು ಬೆಳೆದಿದ್ದಳು. ನಡುವೆ ಒಂದು ಕೆಂಪು ಚೌಕ ಇರಲೇಬೇಕು. ಯುದ್ಧ ಮುಗಿದ ಹೊಸತರಲ್ಲಿ ಕೆಂಪು ಬಟ್ಟೆ ಸಿಗುವುದೇ ಕಷ್ಟವಾಗಿತ್ತು.

ನಲವತ್ತೆಂಟನೇ ಇಸವಿಯಲ್ಲಿ ಏವ್ರಿಲ್‌ಗೆ ಎಂಟು ವರ್ಷ. ನೆಲ್ಲಿ ಆಂಟಿ ವರ್ಷವಿಡೀ ರೇಷನ್ ಕೂಪನ್ ಕೂಡಿಟ್ಟು ಕೊಂಡ ಕೆಂಪು ಕೋಟು, ನುಸಿಗುಳಿಗೆಯ ವಾಸನೆ ಹೋಗಲೆಂದು ಅಂಗಳದ ಹಗ್ಗದ ಮೇಲೆ ಹಾಕಿದ್ದು, ಮಾಯವಾಯಿತು. ಆ ಕ್ರಿಸ್ಮಸ್ಸಿಗೆ ಹಿಲ್ಡಾಳ ಹಾಸಿನ ನಡುವೆ ಕೆಂಪು ಹೊಳೆಯಿತು. ನಮ್ಮಮ್ಮನ ಉಣ್ಣೆ ಲಂಗ ಎಂದಳು ಹಿಲ್ಡಾ. ಯಾರೂ ನಂಬಲಿಲ್ಲ. ಅಂದಿನಿಂದ, ಒಂದೇ ನಲ್ಲಿ, ಒಂದೇ ಅಂಗಳ, ಆದರೂ ಹಿಲ್ಡಾ ಹೊರಗೆ ಬಂದಳೆಂದರೆ ನೆಲ್ಲಿ ಒಣಗದ ಬಟ್ಟೆಯನ್ನೂ ಎಳೆದುಕೊಂಡು ಒಳಗೆ ಹೋಗುತ್ತಿದ್ದಳು. ಏವ್ರಿಲ್‌ಗೋ, ಇಬ್ಬರು ಪಿಸುಗುಟ್ಟಿದರೆ ಸಾಕು, ಗೊತ್ತಾಗಿಹೋಯಿತೇ ಎಂದು ಎದೆ ಹಾರುತ್ತಿತ್ತು.

ಈಗ ಆ ವರ್ಷದ ಹಾಸನ್ನೇ ಹಗ್ಗಕ್ಕೆ ಹಾಕಿ ಅಮ್ಮ ಬಡಿಯತೊಡಗಿದಳು. ಇದ್ದಲ ಪುಡಿ ಉದುರಿ ಕೆಂಪು ಮೇಲೆದ್ದಿತು. ಅದೇ ಹೊತ್ತಿಗೆ ನೆಲ್ಲಿ ಬಕೆಟ್ ಹಿಡಿದು ಬಂದಳು.

"ಅಂತೂ ಬಿಸಿಲು ಕಂಡ್ತಲ್ಲ ಇದು! ಹದಿಮೂರು ವರ್ಷ ಆದ್ರೂ ಬಣ್ಣ ಹೋಗಿಲ್ಲ ನೋಡು. ಒಳ್ಳೇ ಅಂಗಡಿ ಬಟ್ಟೆ ಅಂದ್ರೆ ಹಾಗೇನೇ."

"ನಮ್ಮಮ್ಮನ ಲಂಗ ಕಣೇ ನೆಲ್ಲಿ."

"ಚರ್ಚ್ ಬಿಟ್ಟು ಎಲ್ಲಿಗೂ ಹೋಗದ ಮುದುಕಿ, ಕೆಂಪು ಲಂಗ ಹಾಕ್ಕೊಂಡು ಯಾರಿಗೆ ತೋರಿಸ್ತಿದ್ಲಂತೆ?" ನೆಲ್ಲಿ ನಕ್ಕಳು. ಆಮೇಲೆ ಬಕೆಟ್ ಕೆಳಗಿಟ್ಟಳು. "ಶನಿವಾರ ನೀನೊಂದ್ಕಡೆ ನಾನೊಂದ್ಕಡೆ, ಹಿಲ್ಡಾ. ಈಗಾದ್ರೂ ಹೇಳ್ಬಿಡು. ಪೊಲೀಸಿನೋರನ್ನೇನೂ ಕರಿಯಲ್ಲ."

ಅಮ್ಮ ಒಮ್ಮೆ, ಒಂದೇ ಒಮ್ಮೆ, ಏವ್ರಿಲ್ ಕಡೆ ನೋಡಿದಳು.

"ಹೂಂ. ನಾನೇ ತಗೊಂಡೆ ಅಂತ ಇಟ್ಕೋ."

ಮಂಗಳವಾರದ ಪುಟ ಓದಿದ್ದಾಳೆ. ಓದಿಯೂ ಹೀಗೆ ಹೇಳುತ್ತಿದ್ದಾಳೆ. ಆವತ್ತು ಅಮ್ಮ ಕೊಟ್ಟ ಚಿಂದಿಗಂಟನ್ನು ತಾನು, ಹಳೇ ಬಟ್ಟೆಗೆ ಬದಲು ಕಲ್ಲು ಕೊಡುವ ಗಾಡಿಯವನಿಗೆ ನೀಡಿದ್ದು, ಅವನು ಕೈಯಲ್ಲಿ ತೂಗಿ ನೋಡಿ, "ಇಷ್ಟಕ್ಕೆ ಅರ್ಧ ಕಲ್ಲೇ, ಪುಟ್ಟಿ" ಎಂದದ್ದು, ಎಲ್ಲ ಏವ್ರಿಲ್ ಕಣ್ಣಮುಂದೆ ಬಂತು. ಶುಕ್ರವಾರ ಬಾಗಿಲ ಮೆಟ್ಟಿಲಿಗೆ ಉಜ್ಜಿ ಬಿಳಿ ಅಂಚು ಎಳೆಯುವ ಕಲ್ಲು ಅದು. ಅರ್ಧ ಕಲ್ಲಿಗೆ ಅರ್ಧ ಮೆಟ್ಟಿಲು, ಅಷ್ಟೆ. ಮೆಟ್ಟಿಲು ನೋಡಿಯೇ ಹೆಂಗಸಿಗೆ ಬೆಲೆ ಕಟ್ಟುವ ಬೀದಿ. ಅಮ್ಮನದು ಎಲ್ಲರಿಗಿಂತ ಬೆಳ್ಳಗಿರಲಿ ಎಂದು ಅವಳು ತಿರುಗಿ ಹಗ್ಗದ ಕಡೆ ನೋಡಿದ್ದಳು.

"ನನಗ್ಗೊತ್ತಿತ್ತು," ನೆಲ್ಲಿ ಬಕೆಟ್ ಎತ್ತಿಕೊಂಡು ಹೊರಟಳು. "ಕಳ್ಳಿ."

"ಆಂಟಿ, ನಿಲ್ಲಿ!"

ಇಬ್ಬರೂ ತಿರುಗಿದರು. ಈ ಅಂಗಳದಲ್ಲಿ ಏವ್ರಿಲ್ ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಅಮ್ಮ ಸುಳ್ಳು ಹೇಳ್ತಿದಾಳೆ. ಈ ಕೆಂಪು ಅಜ್ಜಿಯ ಲಂಗಾನೇ. ಕೋಟನ್ನ ಚಿಂದಿ ಗಾಡಿಯವನಿಗೆ ಕೊಟ್ಟಿದ್ದು ನಾನು. ಒಂದು ಇಡೀ ಕಲ್ಲಿಗೆ."