ಪಿಕಪ್ಪಿನ ಮೂತಿ

"ಮೂರು ಇಂಚು ತಗ್ಗಿದೆ ಕಣೋ ಮುಂದುಗಡೆ!" ಅಂಗಳದಲ್ಲಿ ಪಿಕಪ್ಪಿನ ಪಕ್ಕ ಬೋರಲು ಮಲಗಿದ್ದ ಗಂಡ ಅಳತೆಯ ಟೇಪು ಹಿಡಿದುಕೊಂಡೇ ಕೂಗಿದ.

"ನಾನು ಹೇಳಲಿಲ್ವಾ? ಮೂತಿ ನೆಲ ಮೂಸ್ತಾ ಇದೆ" ಎಂದ ಅವನ ಗೆಳೆಯ. ಬೀದಿಯವರೆಲ್ಲ ಅವನನ್ನು ಟರ್ಬೊ ಎನ್ನುತ್ತಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನು.

ಹೆಂಡತಿ ಒದ್ದೆ ಬಟ್ಟೆ ಹರವುತ್ತ ಇಬ್ಬರನ್ನೂ ನೋಡಿದಳು. ಪಿಕಪ್ಪಿನ ಹಿಂಭಾಗ ತುಸು ಎತ್ತರವೇ ಇರುತ್ತದೆ, ಸರಕು ಹೇರಿದಾಗ ಸರಿಹೋಗುತ್ತದೆ ಎಂದು ಗಾಡಿ ಮಾರಿದವನು ಅವಳೆದುರೇ ಹೇಳಿದ್ದ. ಆದರೆ ಈ ಗಾಡಿಯ ಬೆನ್ನೇರಿದ ಅತಿ ಭಾರದ ಸರಕೆಂದರೆ ಒಂದು ಪ್ಲಾಸ್ಟಿಕ್ ಕುರ್ಚಿ.

"ಅಂಗಳಾನೇ ಚರಂಡಿ ಕಡೆ ಇಳಿಜಾರಾಗಿದೆಯಲ್ರೀ. ರಸ್ತೇಲಿ ನಿಲ್ಲಿಸಿ ಅಳೀರಿ."

"ಗಾಡಿ ವಿಷಯ ನಿಂಗೇನೇ ಗೊತ್ತು?"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು, ಕುಣಿಯುವವನಿಗೇ ಅದು ಬೇಕಿರಲಿಲ್ಲ. ಸಂಜೆಯವರೆಗೆ ಗೆಳೆಯರಿಬ್ಬರೂ ಫೋನಿಗೆ ಮೂಗು ತಾಗಿಸಿ ಕುಳಿತರು. ಮೂತಿ ಎತ್ತಲು ಬರೀ ಸ್ಪೇಸರ್ ಬಿಲ್ಲೆ ಸಾಕೋ, ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳ ಪೂರಾ ಕಿಟ್ಟೇ ಬೇಕೋ? ತನ್ನನ್ನು ಮದುವೆಯಾಗುವಾಗಲೂ ಈ ಮನುಷ್ಯ ಇಷ್ಟು ಯೋಚಿಸಿರಲಿಲ್ಲ ಎಂದುಕೊಂಡಳು ಹೆಂಡತಿ.

ಅವಳಿಗಿದ್ದದ್ದು ಒಂದೇ ಚಿಂತೆ. ಪಕ್ಕದೂರಿನಲ್ಲಿ ಅತ್ತೆಯ ಅಕ್ಕ ಹಾಸಿಗೆ ಹಿಡಿದಿದ್ದಳು. ಹೆತ್ತ ಮಕ್ಕಳ ಗುರುತೇ ಹತ್ತದವಳು ತಂಗಿಯನ್ನು ಕಂಡರೆ ಮಾತ್ರ ಕೈ ಚಾಚುತ್ತಿದ್ದಳು. ಉಗುರು ಕತ್ತರಿಸಲೂ ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಅತ್ತೆಯ ಮಂಡಿಗೆ ಬಸ್ಸಿನ ಮೆಟ್ಟಿಲು ಆಗದು. "ಅಮ್ಮನಿಗೋಸ್ಕರ" ಎಂದೇ ಗಂಡ ಈ ಗಾಡಿ ಕೊಂಡಿದ್ದ, ಪ್ರತಿ ಶನಿವಾರ ಕರೆದೊಯ್ಯುತ್ತಲೂ ಇದ್ದ.

"ಗಾಡಿ ಎತ್ತರ ಮಾಡಿದ್ರೆ ಅಮ್ಮನಿಗೆ ಹತ್ತೋಕಾಗುತ್ತಾ?"

"ಫುಟ್‌ಬೋರ್ಡ್ ಹಾಕಿಸ್ತೀನಿ ಬಿಡೆ."

ಮೂರು ಇಂಚಿನ ಕಿಟ್ ಬಂತು. ಗ್ಯಾರೇಜಿನವನು ಕೇಳಿದ್ದನ್ನು ಕೂರಿಸಿ ಕೊಟ್ಟ. ಸಮತಟ್ಟಾದ ರಸ್ತೆಗಿಳಿದರೆ ಮೂತಿ ಆಕಾಶ ನೋಡುತ್ತಿತ್ತು. ತಪ್ಪು ಒಪ್ಪಿಕೊಂಡರೆ ಗಂಡಸುತನ ಉಳಿಯುತ್ತದೆಯೇ? ಹಿಂಭಾಗವನ್ನೂ ಎತ್ತಿಸಿದರು. ಆಗ ಹಳೆಯ ಚಕ್ರಗಳು ಕೋಳಿಕಾಲಿನ ಹಾಗೆ ಕಂಡವು, ದೊಡ್ಡ ಟೈರು ಬಂದವು. ಫುಟ್‌ಬೋರ್ಡ್ ಮಾತ್ರ ಬರಲಿಲ್ಲ. ಅದರಿಂದ ಲುಕ್ ಕೆಡುತ್ತದೆ ಎಂದು ಟರ್ಬೊ ಅಪ್ಪಣೆ ಕೊಡಿಸಿದ್ದ.

ಶನಿವಾರ ಅತ್ತೆ ತಲೆ ಬಾಚಿ, ಉಗುರು ಕತ್ತರಿ ಇಟ್ಟುಕೊಂಡಿದ್ದ ಚೀಲ ಹಿಡಿದು ಬಂದಳು. ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, "ಚೆನ್ನಾಗಿದೆ ಕಣಪ್ಪಾ" ಎಂದಳು. ಬಾಗಿಲು ಹಿಡಿದು ಕಾಲೆತ್ತಿದಳು. ಕಾಲು ಅರ್ಧಕ್ಕೇ ನಿಂತಿತು. ಸೊಸೆ ಸ್ಟೂಲು ತಂದಳು. ಸ್ಟೂಲು ಹತ್ತುವಷ್ಟರಲ್ಲೇ ಮಂಡಿ ಹಿಡಿದುಕೊಂಡು ಮುದುಕಿ "ಅಯ್ಯಮ್ಮಾ" ಎಂದಳು.

"ಟ್ಯಾಕ್ಸಿ ಕರೀತೀನಿ ಅತ್ತೆ."

ಅತ್ತೆ ಮಗನ ಮುಖ ನೋಡಿದಳು. ಅದು ಕೆಂಪಾಗಿತ್ತು. "ಬೇಡಮ್ಮ. ನಂಗೂ ಯಾಕೋ ಇವತ್ತು ಹೋಗೋ ಮನಸ್ಸಿಲ್ಲ."

"ನೋಡಿದ್ಯಾ? ಅಮ್ಮನಿಗೇ ಮನಸ್ಸಿಲ್ಲ!" ಎಂದ ಗಂಡ. ಅವನು ಆ ಮಾತನ್ನು ನಂಬಿಯೇಬಿಟ್ಟಿದ್ದ. ತಲೆಯ ಮೇಲಿನ ಭಾರ ಇಳಿದವನಂತೆ ನಕ್ಕ. ಆ ನಗು ಕಂಡು ಹೆಂಡತಿಗೆ ಹೇಸಿಗೆಯಾಯಿತು.

ಟರ್ಬೊ ಆಗಲೇ ಫೋನ್ ಹಿಡಿದು ಗೇಟಿನಾಚೆ ಕುಕ್ಕರಗಾಲಲ್ಲಿ ಕುಳಿತಿದ್ದ. "ಸೈಡಿಂದ ಫೋಟೊ ತೆಗೀತೀನಿ. ಹಿಂದೆ ಮುಂದೆ ಒಂದೇ ಮಟ್ಟ ಇರೋದು ಕಾಣ್ಬೇಕು."

"ಅಮ್ಮಾ, ಸ್ವಲ್ಪ ಆಚೆ ಸರಿ. ಟೈರು ಮರೆಯಾಗ್ತಿದೆ" ಎಂದ ಮಗ.

ಅತ್ತೆ ಚೀಲವನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಸರಿದಳು. ಸಾಲದೆಂದು ತೋರಿ, ಮಂಡಿ ಒತ್ತಿಕೊಳ್ಳುತ್ತ ಇನ್ನೂ ಸರಿದು ಗೋಡೆಗೆ ಬೆನ್ನು ಹಚ್ಚಿ ನಿಂತಳು.

"ಈಗ ಕಾಣುತ್ತೇನಪ್ಪಾ?"