ಓ ಎಂದವಳು

ಆ ಗವಿಯೊಳಗಿನ ಶಿವನನ್ನು ನೋಡಬೇಕಾದರೆ ತೆವಳಬೇಕು. ಬಡವ ಬಲ್ಲಿದ ಎಂಬ ಭೇದ ಅಲ್ಲಿಲ್ಲ; ಹೊಟ್ಟೆ ಬಂದವರಿಗೆ ಮಾತ್ರ ಕಷ್ಟ. ಹಾಗಾಗಿ ದರ್ಜಿ ಅಕ್ಕನ ಗಂಡ ಪ್ರತಿವರ್ಷ ಹೊರಗೇ ಚಪ್ಪಲಿ ಕಾಯುತ್ತಾ ಕೂರುತ್ತಿದ್ದ. “ನನ್ನ ಭಕ್ತಿ ದೊಡ್ಡದು, ಒಳಗೆ ಹಿಡಿಯಲ್ಲ” ಎನ್ನುತ್ತಿದ್ದ. ಅಕ್ಕ ತಂಗಿ ಇಬ್ಬರೇ ಹೋಗಿಬರುತ್ತಿದ್ದರು. ಈ ವರ್ಷ ಅಕ್ಕ ಒಬ್ಬಳೇ ಹೊರಟಳು, ಸಾಲಿನ ಕಟ್ಟಕಡೆಯವಳಾಗಿ.

ಒಳಗೆ ದೀಪ ಒಯ್ಯುವಂತಿಲ್ಲ. ಕತ್ತಲಲ್ಲಿ ಯಾರೂ ಉಳಿದುಹೋಗಬಾರದೆಂದು ಹಿರಿಯರು ಒಂದು ಕಟ್ಟಳೆ ಮಾಡಿದ್ದಾರೆ. ತಿರುವಿನಲ್ಲಿ ಮುಂದಿನವರು ಹಿಂದಿನವರನ್ನು ಕರೆಯಬೇಕು, ಅವರು ‘ಓ’ ಎನ್ನಬೇಕು. ಹೊರಬಂದ ಮೇಲೆ ಇನ್ನೊಮ್ಮೆ ಕರೆಯಬೇಕು. ಆ ಕರೆ ಬರುವವರೆಗೆ ಹಿಂದಿನವರು ಹೊಸ್ತಿಲು ದಾಟುವಂತಿಲ್ಲ.

ಕರೆಯುವುದು ಅಕ್ಕನ ನಾಲಿಗೆಗೆ ಅಂಟಿದ್ದ ಅಭ್ಯಾಸ. ಅಂಗಡಿಯಲ್ಲಿ ಮೆಷಿನ್ ಮುಂದೆ ಕೂತು, ಕತ್ತರಿ ಬೇಕಾದರೂ “ಪುಟ್ಟೀ” ಎನ್ನುವಳು. ಒಳಗೆ ಗುಂಡಿ ಹಚ್ಚುತ್ತಿದ್ದ ತಂಗಿ “ಓ, ಬಂದೆ” ಎನ್ನುವಳು. ತಂಗಿ ಸತ್ತ ಮೇಲೂ ಬಾಯಿತಪ್ಪಿ ಕರೆದುಬಿಡುತ್ತಾಳೆ. ಗಿರಾಕಿಗಳು ಪಾಪ, ನೆಲ ನೋಡುತ್ತಾರೆ.

ತಿರುವು ಬಂತು. ಹಿಂದೆ ಯಾರೂ ಇರಲಿಲ್ಲ. ಅದು ಗೊತ್ತಿದ್ದೂ ಬಾಯಿ ಕೇಳಲಿಲ್ಲ.

“ಪುಟ್ಟೀ, ಬಂದ್ಯಾ?”

“ಓ, ಬಂದೆ.”

ಗವಿಯಲ್ಲಿ ಎಲ್ಲರ ದನಿಯೂ ಒಂದೇ ಥರ ಕೇಳಿಸುತ್ತದೆ. ಆದರೆ ಹಿಂದೆಯೇ ಕೇಳಿಸಿದ, ಬಳೆ ಮೇಲಕ್ಕೆ ಸರಿಸಿದ ಆ ಸದ್ದು? ಕಲ್ಲಿಗೆ ತಾಗಿ ಒಡೆದಾವೆಂದು ಬಳೆಗಳನ್ನು ಮೊಣಕೈಗೆ ಏರಿಸಿಕೊಳ್ಳುತ್ತಿದ್ದವಳು ಪುಟ್ಟಿ ಒಬ್ಬಳೇ. ಅಕ್ಕನಿಗೆ ಹೆದರಿಕೆಯಾಯಿತು. ಜೊತೆಗೇ ಹೇಳಲಾಗದಷ್ಟು ಸಂತೋಷವೂ ಆಯಿತು.

ಲಿಂಗಕ್ಕೆ ಹಣೆ ಹಚ್ಚಿದಳು. ಪಕ್ಕದಲ್ಲಿ ಇನ್ನೊಂದು ಹಣೆ ಮೆಲ್ಲಗೆ ಕಲ್ಲಿಗೆ ತಾಗಿತು. ಶಿವನಲ್ಲಿ ಅವಳು ಏನೂ ಬೇಡಲಿಲ್ಲ. ಬೇಕಾದದ್ದು ಪಕ್ಕದಲ್ಲೇ ಇತ್ತಲ್ಲ. ಹೊರಗೆ ಹೋಗಿ ಒಂದು ಸಲ ಕರೆದರೆ ಸಾಕು.

ವಾಪಸು ತೆವಳುವಾಗಲೇ ಆಸ್ಪತ್ರೆ ನೆನಪಾಯಿತು. ತಂಗಿಯ ಕಣ್ಣು ಮೇಲೆ ಹೋದಾಗಲೆಲ್ಲ ಅಕ್ಕ ಕೂಗಿ ಕೂಗಿ ಎಳೆದು ತಂದಿದ್ದಳು. ಪ್ರತಿಸಲವೂ ಅವಳು ಬಂದದ್ದು ಅದೇ ನೋವಿಗೆ. ಕೊನೆಗೊಮ್ಮೆ ಕೈಮುಗಿದಿದ್ದಳು. “ಇನ್ನು ಕರೀಬೇಡ ಅಕ್ಕಾ. ನೀನು ಕರೆದ್ರೆ ಬರದೇ ಇರೋಕಾಗಲ್ಲ ನಂಗೆ.”

ಅಂದು ಅಕ್ಕ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದಳು. ತಂಗಿ ಹೋದಳು.

ಹೊಸ್ತಿಲಾಚೆ ಬಿಸಿಲು ಕಣ್ಣು ಕುಕ್ಕಿತು. ಗಂಡ ಚಪ್ಪಲಿ ಮುಂದೆ ಸರಿಸಿದ. “ಮುಗೀತಾ? ಹಿಂದೆ ಇನ್ಯಾರಾದ್ರೂ ಇದ್ದಾರಾ?”

ಅವಳು ಗವಿಯತ್ತ ತಿರುಗಿದಳು. ಕತ್ತಲು ಅಲ್ಲಾಡಲಿಲ್ಲ. ಅಲ್ಲೇ, ಹೊಸ್ತಿಲ ಒಳಗೇ, ಬಳೆ ಒಮ್ಮೆ ಸದ್ದಾಗಿ ಸುಮ್ಮನಾಯಿತು. ಕರೆಯುವ ಹೆಸರು ನಾಲಿಗೆ ತುದಿಗೆ ಬಂದಿತ್ತು.

“ಇಲ್ಲ ರೀ. ಯಾರೂ ಇಲ್ಲ. ನಡೀರಿ.”

ಮೆಟ್ಟಿಲಿಳಿಯುವಾಗ ಗಂಡ ನಿಂತುಬಿಟ್ಟ.

“ಏ, ತಡಿ. ಒಳಗೆ ಯಾರೋ ‘ಅಕ್ಕಾ’ ಅಂತಿದ್ದಾರೆ ಕಣೆ.”

ಅವಳು ನಿಲ್ಲಲಿಲ್ಲ.

“ಪಾಪ, ಎಷ್ಟೊತ್ತಿಂದ ಕೂಗ್ತಿದ್ದಾರೋ. ಅವರ ಕಡೆಯವರು ಬಿಟ್ಟು ಹೋದ್ರು ಅನ್ಸುತ್ತೆ. ನೀನಾದ್ರೂ ಒಂದು ಸಲ ‘ಓ’ ಅನ್ನಬಾರ್ದಾ?”

ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಇಳಿಯುತ್ತಲೇ ಇದ್ದಳು.